ಪಾದ್ರಿಗಳನ್ನು ಕರೆಸಲಿಲ್ಲ

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಮುರಿದ ಕೈ ಹಿಡಿದು ಕೂತಿದ್ದ ಟೈಲರನಿಗೆ, ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬೆಳಿಗ್ಗೆ ಅವರ ಅಪ್ಪ ತೀರಿಕೊಂಡಿದ್ದರು. ದೇಹ ಬಿಟ್ಟುಕೊಡುವ ಕಾಗದಕ್ಕಾಗಿ ಇಬ್ಬರೂ ಕಾಯುತ್ತಿದ್ದರು.

“ಪಾದ್ರಿಗಳನ್ನ ಕರೆಸು ಅಂತ ಅಪ್ಪ ನಿನ್ನೆಯೇ ಕೇಳಿದ್ರಂತಲ್ಲಕ್ಕಾ? ನರ್ಸ್ ಹೇಳಿದ್ರು.”

“ಕೇಳಿದ್ರು. ಪಾದ್ರಿಗಳು ಬಂದು ನಿಂತ್ರೆ, ಇನ್ನು ತಾನು ಉಳಿಯಲ್ಲ ಅಂತ ಅಪ್ಪನಿಗೆ ಗೊತ್ತಾಗ್ಬಿಡುತ್ತೆ ಅನ್ನಿಸ್ತು. ನಾಳೆ ಬರ್ತಾರೆ ಅಂದ್ಬಿಟ್ಟೆ.”

“ಮೂವತ್ತು ವರ್ಷದಿಂದ ಪಾದ್ರಿಗಳ ಹತ್ರ ಪಾಪ ಹೇಳ್ಕೊಳ್ಳೋಕೆ, ಪಾಪನಿವೇದನೆಗೆ, ಹೋಗಿರ್ಲಿಲ್ಲ ಅವರು.”

“ಹೂಂ. ಕೊನೇಗೆ ಎಲ್ಲಾ ಹೋಲ್‌ಸೇಲಾಗಿ ಹೇಳ್ಕೋತೀನಿ ಅಂತ ನಗ್ತಿದ್ರು.”

ಟೈಲರನಿಗೂ ನಗು ಬಂತು; ತುಟಿ ಕಚ್ಚಿಕೊಂಡ.

“ಪಾದ್ರಿಗಳು ಬರಲ್ಲ ಅಂತ ಗೊತ್ತಾಯ್ತೋ ಏನೋ, ಸಂಜೆ ನನ್ಹತ್ರಾನೇ ಹೇಳೋಕೆ ಶುರು ಮಾಡಿದ್ರು ಕಣೋ. ಸುಸ್ತಾಗುತ್ತೆ, ಸುಮ್ನೆ ಮಲ್ಕೊಳ್ಳಿ ಅಂತ ಬಾಯಿ ಮುಚ್ಚಿಸ್ದೆ.”



“ದೇವರಿಗೆ ಅವರ ಮನಸ್ಸು ಗೊತ್ತಿರುತ್ತೆ ಬಿಡು.”

“ಹೇಳ್ಕೊಳ್ದೆ ಸತ್ರೆ ನರಕಾನೇ ಅಂತ ನಮಗೆ ಕಲಿಸಿದ್ದೇ ಅಪ್ಪ.”

“ಸರಿ, ನೀನಾದ್ರೂ ಪಾದ್ರಿಗಳ ಹತ್ರ ಹೋಗಿ ನೀನು ಮಾಡಿದ್ದು ಹೇಳ್ಕೋ. ಕ್ಷಮೆ ಸಿಗುತ್ತೆ.”

“ಸಿಗುತ್ತೆ. ಅದಕ್ಕೇ ಹೋಗಲ್ಲ. ನಾನು ಮೇಲೆ, ಅಪ್ಪ ಕೆಳಗೆ ಆಗಿಬಿಟ್ರೆ, ಅಲ್ಲಿ ಅವರು ನೀರು ಕೇಳಿದ್ರೆ ಯಾರು ಕೊಡ್ತಾರೆ?”

ಏಳನೇ ಹಾಸಿಗೆಯವರ ಕಡೆಯವರು ಯಾರು ಎಂದು, ಆ ಕಾಗದ ಹಿಡಿದ ಗುಮಾಸ್ತ ಎದುರಿನ ಕಿಟಕಿಯಿಂದ ಕೂಗಿದ.

“ನಾನು,” ಎಂದು ಅಕ್ಕ ಎದ್ದಳು. ತಮ್ಮ ಅವಳ ಹಿಂದೆ ನಡೆದ.