ಕೊಟ್ಟಿಗೆಗೆ ಮೂರು ಸುತ್ತು

ಕೊಲ್ಲಿ ದೇಶದ ದಾರ್ಸೈಟ್‌ನ ಕೃಷ್ಣ ದೇವಸ್ಥಾನದಲ್ಲಿ ಪ್ರಸಾದದ ಸಾಲು ನಿಂತಲ್ಲೇ ನಿಂತಿತ್ತು. ಪ್ರಣೀತಾಳ ಮುಂದಿದ್ದ ಸೇಸಪ್ಪ, ಕಂಪೆನಿ ಟ್ರೈನಿಂಗಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದ ಕಥೆಯನ್ನು ಹರಿಣಾಕ್ಷಿಗೆ ಹೇಳುತ್ತಿದ್ದರು.

“ಹಿಂದೆ ಸ್ಪೇನಿನ ಪಾದ್ರಿಗಳು ದನ ಸಾಕುತ್ತಿದ್ದ ಜಾಗ, ಅಕ್ಕ. ಈಗ ಬರೀ ಮುರಿದ ಗೋಡೆ. ಇಗರ್ಜಿ ಅಂತ ಶೂ ತೆಗ್ದು ಮೂರು ಸುತ್ತು ಬಂದೆ.”

“ಒಳ್ಳೇದೇ ಅಲ್ವಾ?”

“ಆಮೇಲೆ ಗೈಡ್ ಹೇಳಿದ, ಇಗರ್ಜಿ ಆಚೆ ಉಂಟು, ಇದು ದನದ ಕೊಟ್ಟಿಗೆ ಅಂತ.”

ಪ್ರಣೀತಾ ದುಪಟ್ಟಾವನ್ನು ಬಾಯಿಗೊತ್ತಿಕೊಂಡಳು.

“ಏನು ಬೇಡಿಕೊಂಡಿದ್ರಿ?” ಹರಿಣಾಕ್ಷಿ ಕೇಳಿದರು.

“ವೀಸಾ ರಿನ್ಯೂ ಆಗ್ಲಿ ಅಂತ. ವೀಸಾ ಕೊಡುವ ಕಫೀಲ್ ಖಲಾಸ್, ಇನ್ನಿಲ್ಲ ಅಂದಿದ್ದ.”

“ಆಯ್ತಾ?”

“ಬಂದ ವಾರವೇ ಆಯ್ತು.”

ಹರಿಣಾಕ್ಷಿ ಗರ್ಭಗುಡಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

“ನಮ್ಮ ಇವರದ್ದು ಮುಂದಿನ ತಿಂಗಳು ಮುಗೀತದೆ. ಆ ಕೊಟ್ಟಿಗೆಯ ಫೋಟೋ ಉಂಟಾ?”

ಸೇಸಪ್ಪ ಕಳಿಸಿದರು. ಹರಿಣಾಕ್ಷಿ ಮೊಬೈಲನ್ನು ಕಣ್ಣಿಗೊತ್ತಿಕೊಂಡು, ಪ್ರಸಾದ ಪಡೆದು, ಚಪ್ಪಲಿ ಬಿಟ್ಟಲ್ಲಿಗೆ ನಡೆದರು.