ಸಮುದ್ರಕ್ಕೆ ಇಳಿದವರು ದಡಕ್ಕೆ ಮರಳಬೇಕು

ಈ ಸಭೆಯ ಅಧ್ಯಕ್ಷರೂ ಹರಪನಹಳ್ಳಿ ಮೆಕ್ಕೆಜೋಳ ವರ್ತಕರ ಹಿರಿಯರೂ ಆದ ಶ್ರೀ ಉಜ್ಜಿನಪ್ಪನವರೇ, ಮುಖ್ಯ ಅತಿಥಿಗಳಾದ ಕೃಷಿ ಅಧಿಕಾರಿ ಶ್ರೀಮತಿ ಗೀತಾಂಜಲಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ಫ್ಯಾನು ಎಲ್ಲಿದೆಯೋ ಅಲ್ಲಿಗೆ ಕುರ್ಚಿ ಎಳೆದುಕೊಂಡು ಕುಳಿತಿರುವ ಸಭಿಕರೇ,

ಹಾರ ಹಾಕಿದಿರಿ, ಶಾಲು ಹೊದಿಸಿದಿರಿ. ಜೂನ್ ತಿಂಗಳ ಸೆಕೆಯಲ್ಲಿ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂದು ಹವಾಮಾನ ಓದುವವನಾಗಿ ನಾನು ಕೇಳಬೇಕಾಗಿತ್ತು, ಕೇಳುವುದಿಲ್ಲ. ಉಜ್ಜಿನಪ್ಪನವರು ಭಾಷಣಕ್ಕೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವನಿಗೆ ಹತ್ತು ನಿಮಿಷ ಎಂದರೆ ಹಾಜರಿ ಕರೆಯುವುದಕ್ಕೂ ಸಾಲದು. ಆದರೂ ಇಂದು ಬೇಗ ಮುಗಿಸುತ್ತೇನೆ. ನನಗೂ ಒಂದು ಬಸ್ಸು ಹಿಡಿಯುವುದಿದೆ.

ಸನ್ಮಾನ ಪತ್ರವನ್ನು ಈಗ ತಾನೇ ಓದಿದರು. ಅಕ್ಷರಗಳು ದುಂಡಗಿವೆ, ಚೌಕಟ್ಟು ಚೆನ್ನಾಗಿದೆ. ಅದರಲ್ಲಿ ಎರಡು ತಪ್ಪುಗಳಿವೆ. ಮೇಷ್ಟ್ರ ಕೈಗೆ ಕಾಗದ ಕೊಟ್ಟ ಮೇಲೆ ತಪ್ಪು ಹುಡುಕಬೇಡಿ ಎಂದರೆ ಆಗುತ್ತದೆಯೇ?

ಮೊದಲನೆಯ ತಪ್ಪು. "ಕಳೆದ ಅಕ್ಟೋಬರಿನಲ್ಲಿ ಶ್ರೀ ಪಾಲಾಕ್ಷಪ್ಪ ಮೇಷ್ಟ್ರು ಮಳೆಯ ಮುನ್ಸೂಚನೆಯನ್ನು ಕರಾರುವಾಕ್ಕಾಗಿ ಕೊಟ್ಟು, ಮಾರುಕಟ್ಟೆಯ ಅಂಗಳದಲ್ಲಿ ಒಣಗಲು ಹರವಿದ್ದ ಅಷ್ಟೂ ಮೆಕ್ಕೆಜೋಳವನ್ನು ಉಳಿಸಿದರು" ಎಂದಿದೆ. ನಾನು ಮಳೆಯ ಮುನ್ಸೂಚನೆ ಕೊಡಲಿಲ್ಲ. ಆ ದಿನ ನಮ್ಮ ಜಿಲ್ಲೆಗೆ ಇದ್ದ ಮುನ್ಸೂಚನೆ ಒಣ ಹವೆ. ಅದನ್ನು ನಾನು ಓದಲೇ ಇಲ್ಲ.

ನಗಬೇಡಿ, ಪೂರ್ತಿ ಕೇಳಿ. ನಾನು ನಿವೃತ್ತನಾಗಿ ಆರು ವರ್ಷವಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಟೆಂಡರ್ ಕೂಗುವ ಮೊದಲು, ಮಾರುಕಟ್ಟೆಯ ಮೈಕಿನಲ್ಲಿ ಹವಾಮಾನ ಓದುತ್ತಿದ್ದೇನೆ. ನೀವೆಲ್ಲ ಕೇಳಿದ್ದೀರಿ. ಜಿಲ್ಲೆಯ ಹವೆ ಎರಡು ವಾಕ್ಯ, ಸಮುದ್ರದ ಹವೆ ಇಪ್ಪತ್ತು ವಾಕ್ಯ. ಬಂಗಾಳ ಕೊಲ್ಲಿಯಲ್ಲಿ ಎಲ್ಲಿ ಒತ್ತಡ ಕುಸಿದಿದೆ, ಅರಬ್ಬೀ ಸಮುದ್ರದ ಮೇಲ್ಮೈ ಎಷ್ಟು ಡಿಗ್ರಿ ಬಿಸಿಯಿದೆ, ಅಲೆ ಎಷ್ಟು ಮೀಟರು, ಗಾಳಿ ಗಂಟೆಗೆ ಎಷ್ಟು ಕಿಲೋಮೀಟರು. ಹಮಾಲರು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಾ ಕೂಗುತ್ತಿದ್ದರು, "ಮೇಷ್ಟ್ರೇ, ನಮ್ ಕೆರಿಯಾಗ ಅಲಿ ಎಷ್ಟು ಮೀಟರ್ ಐತ್ರಿ?" ಅಂತ. ಕೆರೆಯಲ್ಲಿ ನೀರೇ ಇಲ್ಲದ ವರ್ಷವೂ ಕೇಳಿದ್ದರು. ನಮ್ಮ ಮಳೆ ಹುಟ್ಟುವುದೇ ಸಮುದ್ರದಲ್ಲಿ, ತವರು ಮನೆಯ ಸುದ್ದಿ ತಿಳಿಯದೆ ಮಳೆಯ ಸುದ್ದಿ ತಿಳಿಯುವುದು ಹೇಗೆ ಎಂದು ನಾನು ಉತ್ತರ ಕೊಡುತ್ತಿದ್ದೆ. ಉತ್ತರ ಸರಿಯಾಗಿಯೇ ಇದೆ. ಆದರೆ ಅದು ನಿಜವಾದ ಕಾರಣವಲ್ಲ.

ನಮ್ಮ ಉಜ್ಜಿನಪ್ಪನವರು ಎರಡು ವರ್ಷದ ಹಿಂದೆ ನನ್ನ ಮೇಲೆ ಬರವಣಿಗೆಯಲ್ಲಿಯೇ ಒಂದು ದೂರು ಕೊಟ್ಟಿದ್ದರು. ಈಗ ಅವರೇ ಶಾಲು ಹೊದಿಸಿದ್ದಾರೆ, ದೊಡ್ಡ ಮನಸ್ಸು. ದೂರು ಏನೆಂದರೆ, ಮೇಷ್ಟ್ರು ಹತ್ತು ತಿಂಗಳು ಬಾಯಿ ನೋಯುವಂತೆ ಸಮುದ್ರ ಓದುತ್ತಾರೆ, ಜೂನ್ ಮತ್ತು ಜುಲೈ ಬಂದರೆ ಮೈಕಿನ ಹತ್ತಿರವೇ ಸುಳಿಯುವುದಿಲ್ಲ. ಬಿತ್ತನೆಯ ಹೊತ್ತಿನಲ್ಲಿ, ರೈತನಿಗೆ ಮಳೆಯ ಸುದ್ದಿ ಬೇಕಾದ ಹೊತ್ತಿನಲ್ಲಿಯೇ ಇವರಿಗೆ ರಜೆ! "ಮಳಿಗಾಲಕ್ಕ ರಜಾ ಹಾಕೋ ಹವಾಮಾನದವ್ರನ್ನ ನಿಮ್ಮೊಬ್ರನ್ನ ನೋಡೀನ್ರಿ" ಎಂದು ಉಜ್ಜಿನಪ್ಪನವರು ನನ್ನ ಮುಖಕ್ಕೇ ಹೇಳಿದರು. ಅದೂ ನ್ಯಾಯವಾದ ಮಾತು. ನಾನು ಗಂಟಲು ನೋವು ಎಂದೆ. ಎರಡು ತಿಂಗಳು ಇರುವ ಗಂಟಲು ನೋವು ಯಾವುದೆಂದು ಅವರು ಕೇಳಲಿಲ್ಲ, ಅದು ಅವರ ಸಜ್ಜನಿಕೆ.

ಗಂಟಲು ಚೆನ್ನಾಗಿಯೇ ಇತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಸರ್ಕಾರದ ನಿಷೇಧ. ಆ ಎರಡು ತಿಂಗಳು ಬೋಟಿನವರೆಲ್ಲ ದಡದಲ್ಲಿರುತ್ತಾರೆ. ಆ ಎರಡು ತಿಂಗಳು ಅಲೆ ಎಷ್ಟು ಮೀಟರು ಎದ್ದರೆ ನನಗೇನು? ನಾನು ನಿದ್ದೆ ಮಾಡುತ್ತೇನೆ.

ಇಲ್ಲಿಗೆ ಎರಡನೆಯ ತಪ್ಪಿಗೆ ಬಂದೆ. ಸನ್ಮಾನ ಪತ್ರದ ಕೊನೆಯ ಸಾಲಿನಲ್ಲಿ "ಇವರ ಏಕೈಕ ಪುತ್ರ ಚಿ. ಹಂಪೇಶ್ ಮಂಗಳೂರಿನ ಪ್ರತಿಷ್ಠಿತ ಕಂಪನಿಯೊಂದರಲ್ಲಿ ಉದ್ಯೋಗಿ" ಎಂದಿದೆ. ಬರೆದವರ ತಪ್ಪಲ್ಲ, ನಾನೇ ಹಾಗೆ ಹೇಳಿಕೊಂಡು ಬಂದವನು. ಹಂಪೇಶ ಮಲ್ಪೆಯಲ್ಲಿ ಆಳಸಮುದ್ರದ ಬೋಟಿನಲ್ಲಿ ಬಲೆ ಎಳೆಯುತ್ತಾನೆ. ಹತ್ತು ದಿನಕ್ಕೊಮ್ಮೆ ದಡಕ್ಕೆ ಬರುತ್ತಾನೆ. ನಮ್ಮ ಮನೆಯ ಹೊಸ್ತಿಲೊಳಗೆ ಇಂದಿಗೂ ಒಂದು ಮೊಟ್ಟೆ ಬಂದಿಲ್ಲ. ನಾನು ಬೆಳಿಗ್ಗೆ ಲಿಂಗಪೂಜೆ ಮಾಡಿ ಮೈಕಿನ ಮುಂದೆ ಬರುವ ಹೊತ್ತಿಗೆ ನನ್ನ ಮಗ ಮೀನಿನ ರಾಶಿಯಲ್ಲಿ ಮೊಣಕಾಲುದ್ದ ನಿಂತಿರುತ್ತಾನೆ. ಇದನ್ನು ಊರಿಗೆ ಹೇಗೆ ಹೇಳುವುದು ಎಂದು ಹನ್ನೊಂದು ವರ್ಷ ಯೋಚಿಸಿದೆ. ಹೇಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ಅವನು ಹೋದದ್ದು ಏಕೆ? ಅದನ್ನೂ ಹೇಳಿಬಿಡುತ್ತೇನೆ. ಹಂಪೇಶ ಹತ್ತನೆಯ ತರಗತಿಯಲ್ಲಿ ನನ್ನದೇ ವಿದ್ಯಾರ್ಥಿ. ಶಾಲೆಯೊಳಗೆ ನನ್ನನ್ನು ಅಪ್ಪ ಎನ್ನಕೂಡದು, ಎಲ್ಲರಂತೆ ಸರ್ ಎನ್ನಬೇಕು ಎಂದು ನಿಯಮ ಮಾಡಿದ್ದೆ. ಪಕ್ಷಪಾತ ಎಂದು ಯಾರೂ ಬೆರಳು ತೋರಿಸಬಾರದಲ್ಲ! ಪೂರ್ವಸಿದ್ಧತಾ ಪರೀಕ್ಷೆಯ ನಕಾಶೆಯಲ್ಲಿ ಹುಡುಗ ಗಡಿಬಿಡಿಯಲ್ಲಿ ಅರಬ್ಬೀ ಸಮುದ್ರವನ್ನು ಪೂರ್ವಕ್ಕೂ ಬಂಗಾಳ ಕೊಲ್ಲಿಯನ್ನು ಪಶ್ಚಿಮಕ್ಕೂ ಬರೆದಿದ್ದ. ಒಂದು ಅಂಕದ ತಪ್ಪು. ನಾನು ಆ ನಕಾಶೆಯನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿದೆ. "ಈ ಮಹಾಶಯ ಎರಡು ಸಮುದ್ರಗಳನ್ನು ಹೊತ್ತು ಆಚೆಯಿಂದ ಈಚೆಗೆ ಇಟ್ಟಿದ್ದಾನೆ, ಇವನ ಭುಜಬಲಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿ" ಎಂದೆ. ಅರವತ್ತು ಮಕ್ಕಳು ತಟ್ಟಿದರು. ನನಗೂ ಅಂದು ಬಹಳ ನಗು ಬಂದಿತ್ತು. ಅಂದಿನಿಂದ ಅವನ ಹೆಸರು ಉಲ್ಟಾ ಸಮುದ್ರ. ಆ ಹೆಸರು ಕೊಟ್ಟೂರಿನ ಕಾಲೇಜಿನವರೆಗೂ ಅವನ ಜೊತೆ ಬಸ್ಸು ಹತ್ತಿ ಹೋಯಿತು. ಹದಿನೆಂಟು ತುಂಬಿದ ತಿಂಗಳು ಅವನು ಮನೆ ಬಿಟ್ಟ. ನನ್ನ ಮೇಜಿನ ಮೇಲೆ ಅದೇ ನಕಾಶೆ ಇಟ್ಟು ಹೋಗಿದ್ದ. ಹಿಂದುಗಡೆ ಒಂದೇ ಸಾಲು, "ಯಾವ ಕಡಿ ಐತಿ ಅಂತ ನೋಡೇ ಬರ್ತೀನಿ." ಕೆಳಗೆ ಸಹಿ ಹಾಕಿರಲಿಲ್ಲ.

ಸಭಿಕರೇ, ಇದು ಹೆಚ್ಚಾಯಿತು ಎಂದು ಅಧ್ಯಕ್ಷರ ಮುಖ ಹೇಳುತ್ತಿದೆ. ಅಕ್ಟೋಬರಿಗೆ ಬರುತ್ತೇನೆ.

ಆ ದಿನ ಅರಬ್ಬೀ ಸಮುದ್ರದಲ್ಲಿ ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ ಬಲಗೊಂಡಿತ್ತು. ನೀರು ಮೂವತ್ತು ಡಿಗ್ರಿ ಮುಟ್ಟಿತ್ತು, ಚಂಡಮಾರುತಕ್ಕೆ ಅದೇ ಮೇವು. ಗಾಳಿ ಗಂಟೆಗೆ ಎಪ್ಪತ್ತು, ಅಲೆ ನಾಲ್ಕು ಮೀಟರು. ಹಂಪೇಶನ ಬೋಟು ಹೊರಟು ಆರು ದಿನವಾಗಿತ್ತು. ಅದು ನನಗೆ ಹೇಗೆ ಗೊತ್ತು ಎನ್ನುತ್ತೀರಾ? ನಮ್ಮ ಮನೆಯಲ್ಲಿ ನಾಗಲಿಂಗಮ್ಮನವರು, ಅಂದರೆ ನನ್ನ ಹೆಂಡತಿ, ಅಡುಗೆಮನೆಯಲ್ಲಿ ಫೋನಿನಲ್ಲಿ ಮಗನ ಜೊತೆ ಮಾತಾಡುತ್ತಾರೆ, ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತೇನೆ. ಹನ್ನೊಂದು ವರ್ಷದಿಂದ ಒಂದೇ ಪುಟ ಓದುತ್ತಿದ್ದೇನೆ. ಆ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು, "ಫೋನ್ ಹತ್ತವಲ್ದು. ನಿಮ್ ಮೈಕಿನ್ಯಾಗ ಏನರ ಗೊತ್ತಾಕ್ಕೈತೇನ್ ನೋಡ್ರಿ" ಎಂದರು.

ಮೈಕಿನ ಮುಂದೆ ನಿಂತೆ. ಜಿಲ್ಲೆಯ ಹವೆ ಓದುವುದು ಮರೆತುಹೋಯಿತು. ಮೀನುಗಾರರಿಗೆ ಕೊಡುವ ಎಚ್ಚರಿಕೆ ಮಾತ್ರ ಓದಿದೆ. "ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ಸಮುದ್ರಕ್ಕೆ ಇಳಿದವರು ಕೂಡಲೇ ದಡಕ್ಕೆ ಮರಳಬೇಕು." ಒಮ್ಮೆ ಓದಿದೆ. ಮತ್ತೊಮ್ಮೆ ಓದಿದೆ. ಮೂರನೆಯ ಸಲ ಓದುವಾಗ ನನ್ನ ದನಿ ಬಹಳ ಎತ್ತರಕ್ಕೆ ಹೋಯಿತಂತೆ, ನನಗೆ ತಿಳಿಯಲಿಲ್ಲ. ಮೆಕ್ಕೆಜೋಳದ ಅಂಗಳದಲ್ಲಿ ನಿಂತು ಒಬ್ಬ ಮುದುಕ ಅಷ್ಟು ದೂರದ ಸಮುದ್ರಕ್ಕೆ ಕೂಗುತ್ತಿದ್ದ. ಯಾರೂ ನಗಲಿಲ್ಲ. ಅಂಗಳ ಗುಡಿಸಿ ಕಾಳು ಆಯುವ ಗಾದೆಮ್ಮ ಮೊದಲು ಎದ್ದಳು. "ಮೇಷ್ಟ್ರು ಹಿಂಗ್ ಎಂದೂ ಕೂಗಿಲ್ಲ. ತಾಡಪತ್ರಿ ತರ್ರೋ, ಹೊಚ್ರೋ ಲಗೂನ" ಎಂದಳು. ಹಮಾಲರು ಅವಳ ಹಿಂದೆ ಓಡಿ ಕಾಳಿನ ಮೇಲೆಲ್ಲ ಟಾರ್ಪಾಲು ಎಳೆದರು. ಮಧ್ಯಾಹ್ನ ಮೂರಕ್ಕೆ ಮಳೆ ಬಂತು. ಒಣ ಹವೆ ಎಂದಿದ್ದ ಜಿಲ್ಲೆಗೆ ಆರು ಸೆಂಟಿಮೀಟರ್. ಆದ್ದರಿಂದ ಈ ಶಾಲು ಸೇರಬೇಕಾದದ್ದು ಗಾದೆಮ್ಮನಿಗೆ. ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ, ಇಳಿದು ಹೋಗುವಾಗ ನಾನೇ ಕೊಡುತ್ತೇನೆ. ಬ್ಯಾಡ ಅನಬ್ಯಾಡವ್ವ, ರಾತ್ರಿ ನಿಮ್ಮ ಕುರಿ ಹಟ್ಟಿ ಕಾಯುವಾಗ ಚಳಿಗೆ ಆಗುತ್ತದೆ.

ಅಂದು ಸಂಜೆ ಗಾದೆಮ್ಮ ನನ್ನನ್ನು ಕೇಳಿದಳು, "ಅಲ್ಲಿ ನಿಮ್ಮವ್ರು ಯಾರರ ಅದಾರೇನ್ರಿ, ಮೇಷ್ಟ್ರೇ?" ನಾನು ಇಲ್ಲ ಎಂದೆ. ಯಾರೂ ಇಲ್ಲ ಎಂದೆ. ಮಗ ಬದುಕಿದ್ದಾನೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಆ ಮಾತು ನನ್ನ ಬಾಯಿಂದ ಬಂತು. ಇಂದು ಇಷ್ಟು ಜನರ ಮುಂದೆ ಅದನ್ನು ತಿದ್ದುತ್ತಿದ್ದೇನೆ. ಅದಾನವ್ವ. ನನ್ನ ಮಗ ಅದಾನ.

ನಾಲ್ಕನೆಯ ದಿನ ನಾಗಲಿಂಗಮ್ಮ ಅಡುಗೆಮನೆಯಿಂದ ಓಡಿಬಂದು ಫೋನನ್ನು ನನ್ನ ಕಿವಿಗೇ ಹಿಡಿದರು. "ದಡಕ್ಕ ಬಂದಾನ. ಮಾತಾಡ್ರಿ!" ಹನ್ನೊಂದು ವರ್ಷದ ಮೇಲೆ ಮಗನ ಜೊತೆ ಮಾತಾಡುವ ಅಪ್ಪ ಏನು ಕೇಳಬೇಕು? ಊಟ ಆಯಿತೇ ಎನ್ನಬಹುದಿತ್ತು. ಪೆಟ್ಟಾಗಿದೆಯೇ ಎನ್ನಬಹುದಿತ್ತು. ನಾನು ಕೇಳಿದ್ದು, "ಗಾಳಿ ಎಷ್ಟಿತ್ತು?" ಆ ಕಡೆಯಿಂದ ಹಂಪೇಶ ಹೇಳಿದ, "ಬಹಳ ಇತ್ರಿ ಸರ್."

ಸರ್ ಎಂದ. ಶಾಲೆಯ ನಿಯಮವನ್ನು ಅವನು ಇನ್ನೂ ಪಾಲಿಸುತ್ತಿದ್ದಾನೆ. ನಾನು ಫೋನನ್ನು ಅವನ ತಾಯಿಗೆ ಕೊಟ್ಟು ಪೇಪರ್ ಹಿಡಿದೆ. ಅಂದು ನಾನು ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದೆ ಎಂದು ಮನೆಯವರು ಆಮೇಲೆ ಹೇಳಿದರು.

ಇನ್ನೆರಡು ಮಾತು. ಪ್ರತಿ ಜೂನ್ ತಿಂಗಳಲ್ಲಿ ನಾಗಲಿಂಗಮ್ಮ ಎಂಟು ದಿನ ಕೋಗಳಿಯ ತವರಿಗೆ ಹೋಗುತ್ತಾರೆ. ಎರಡು ಡಬ್ಬಿ ಶೇಂಗಾ ಹೋಳಿಗೆ ಒಯ್ಯುತ್ತಾರೆ. ಅವರ ಅಣ್ಣನಿಗೆ ಸಕ್ಕರೆ ಕಾಯಿಲೆ, ಹೋಳಿಗೆ ಯಾರಿಗೆ ಎಂದು ನಾನು ಕೇಳುವುದಿಲ್ಲ. ಬೋಟಿಗೆ ರಜೆ ಬಿದ್ದಾಗ ಹಂಪೇಶ ಸೋದರಮಾವನ ಮನೆಗೆ ಬರುತ್ತಾನೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತು. ಈ ಸಲ ಹೊರಡುವಾಗ ಅವರು ಚೀಲ ಕೆಳಗಿಟ್ಟು ಹೇಳಿದರು, "ನಿಮ್ ಸನ್ಮಾನದ ಮರುದಿನ ಅವ ಗುಜರಾತಿಗೆ ಹೊಂಟಾನ, ರಜಾ ಮುಗಿಯೋತನಕ ಬೋಟು ರಿಪೇರಿ, ಆಮ್ಯಾಲ ಅಲ್ಲೀ ಬೋಟಿಗೆ. ಇನ್ನ ರಜಾಕ್ಕೂ ಬರಾಂಗಿಲ್ಲಂತ. ನನಗ ಶಾಲೂ ಬ್ಯಾಡ, ಹಾರಾನೂ ಬ್ಯಾಡ, ನಿಮ್ ಸಭಾಕ್ಕ ನಾ ಇರಾಂಗಿಲ್ಲ." ಆದ್ದರಿಂದಲೇ ಮುಂದಿನ ಸಾಲಿನಲ್ಲಿ ಅವರ ಕುರ್ಚಿ ಖಾಲಿಯಿದೆ. ಆ ಮರುದಿನ ಎಂದರೆ ನಾಳೆ.

ಇಂದಿನ ಸಮುದ್ರದ ಹವೆಯನ್ನು ಬೆಳಿಗ್ಗೆ ನೋಡಿಕೊಂಡೇ ಬಂದಿದ್ದೇನೆ. ಅರಬ್ಬೀ ಸಮುದ್ರದಲ್ಲಿ ನೈರುತ್ಯ ಮಾರುತ ಜೋರಾಗಿದೆ, ಅಲೆ ಮೂರೂವರೆ ಮೀಟರು. ಬಂಗಾಳ ಕೊಲ್ಲಿಯ ಉತ್ತರಕ್ಕೆ ಒತ್ತಡ ಇಳಿಯುತ್ತಿದೆ. ಎರಡೂ ಸಮುದ್ರಗಳು ತಮ್ಮ ತಮ್ಮ ಜಾಗದಲ್ಲಿವೆ. ಹರಪನಹಳ್ಳಿಗೆ ಸಂಜೆ ತುಂತುರು ಮಳೆ ಬರಬಹುದು. ಕೋಗಳಿಯಲ್ಲಿ ಹುಡುಗ ನನ್ನನ್ನು ಕಂಡರೆ ಏನೆಂದು ಕರೆಯುತ್ತಾನೆ, ಬಾಗಿಲು ತೆರೆಯುತ್ತಾನೋ ಇಲ್ಲವೋ, ಅದಕ್ಕೆ ಮುನ್ಸೂಚನೆ ಕೊಡುವ ಇಲಾಖೆ ಯಾವುದೂ ಇಲ್ಲ. ಆ ನಕಾಶೆ ಇಲ್ಲೇ ಜೇಬಿನಲ್ಲಿದೆ. ಒಂದು ಅಂಕ ಕಳೆದಿದ್ದೆ. ಇಂದು ಬೆಳಿಗ್ಗೆ ಅವನ ಸಾಲಿನ ಕೆಳಗೆ ಒಂದು ಸಾಲು ನಾನೂ ಬರೆದಿದ್ದೇನೆ, ತಪ್ಪು ನನ್ನದು ಎಂದು. ಸಹಿಯನ್ನೂ ಹಾಕಿದ್ದೇನೆ, ಮೇಷ್ಟ್ರ ಸಹಿ ಅಲ್ಲ, ಬರೀ ಅಪ್ಪ ಎಂದು.

ಊಟಕ್ಕೆ ನಿಲ್ಲುವುದಿಲ್ಲ, ಕ್ಷಮಿಸಿ. ಐದೂವರೆಗೆ ಕೊಟ್ಟೂರಿನ ಬಸ್ಸು, ಅಲ್ಲಿಂದ ಕೋಗಳಿಗೆ ಕೊನೆಯ ಬಸ್ಸು. ಕಿವಿಗೊಟ್ಟ ಎಲ್ಲರಿಗೂ, ತಾಡಪತ್ರಿ ಹೊಚ್ಚಿದ ಕೈಗಳಿಗೂ ನನ್ನ ಕೃತಜ್ಞತೆ. ಯಾರಾದರೂ ಬೈಕಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟರೆ ಅವರಿಗೆ ಇನ್ನೂ ಹೆಚ್ಚು. ನಮಸ್ಕಾರ.