ಬೂಟು ಬಿಚ್ಚಿಟ್ಟು ಒಳಗೆ ಹೋದ ಆರವ್

ನಗುವವರು ಈಗಲೇ ಎದ್ದು ಹೋಗಬಹುದು. ಪಂದ್ಯ ಕಟ್ಟಿ ಊರ ಸ್ಮಶಾನದಲ್ಲಿ ಮಲಗಿ ಎದ್ದವನು ನಾನು, ನನ್ನನ್ನು ಹೆದರಿಸುವ ದೆವ್ವ ಇನ್ನೂ ಹುಟ್ಟಿಲ್ಲ. ಆದರೆ ದೊಡ್ಡಪ್ಪನ ಮಗ ಶ್ರೀಶೈಲನಿಗೆ ಆದದ್ದು ನೆನೆದರೆ ಮೈ ಉರಿಯುತ್ತದೆ. ಹೆದರಿಕೆಗಲ್ಲ... ಸಿಟ್ಟಿಗೆ.

ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಬೆಳೆದ ಶ್ರೀಶೈಲ ಅಲ್ಲಿಯ ಸೈನ್ಯ ಸೇರಿದ್ದ. ಜೊತೆಗಾರ ಆರವ್, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಸುಪ್ರಜಾ ಆಂಟಿಯ ಮಗ. ಹೋದ ವರ್ಷ ಆಸ್ಟಿನ್ ಆಚೆ ತರಬೇತಿ. ನಡುರಾತ್ರಿ. ಪಾಳುಬಿದ್ದ ದನದ ಫಾರ್ಮಿನ ಬಾವಿ ದಾಟಿ ಕ್ಯಾಂಪಿಗೆ ನಡೆಯುತ್ತಿದ್ದರು. ಮುಂದೆ ಸಾರ್ಜೆಂಟ್ ಡಾಯ್ಲ್, ಹಿಂದೆ ಇವರಿಬ್ಬರು. ಕಾಲಡಿ ಒಣಹುಲ್ಲು ಚರಚರ... ಚರಚರ... ಆಮೇಲೆ ಪಚಕ್.

ಕೆಸರು. ಮೊಣಕಾಲುದ್ದ. ಸುತ್ತ ಭತ್ತದ ಸಸಿ. ಬಯಲಿದ್ದ ಕಡೆ ಬೆಟ್ಟ. ರೇಡಿಯೋ ಸತ್ತಿತ್ತು. ಎಲ್ಲೋ ಬಿದಿರು ಕಲ್ಲಿಗೆ ಬಡಿಯುತ್ತಿತ್ತು. ಟೊಕ್... ಟೊಕ್...

ಎದುರಿಗೆ ಹುಲ್ಲಿನ ಮನೆ, ಒಳಗೆ ದೀಪ. ಬಾಗಿಲಲ್ಲಿ ಚಪ್ಪಲಿಗಳ ಸಾಲು. ಸಾರ್ಜೆಂಟ್ ಕೆಸರುಬೂಟಿನಲ್ಲೇ ಧಡಧಡ ನುಗ್ಗಿದ. ಇವರಿಬ್ಬರು ನಮ್ಮವರ ಮನೆಗಳಲ್ಲಿ ಬೆಳೆದವರು, ಹೊಸ್ತಿಲು ಕಂಡದ್ದೇ ಕೈ ತಾನೇ ಲೇಸಿಗೆ ಹೋಯಿತು.

"ಕೈಯಾಗ ಗನ್ ಐತಿ, ಬೂಟ್ ಬಿಚ್ಚಾಕತ್ತೀವಿ ನೋಡಲೇ," ಶ್ರೀಶೈಲ ಪಿಸುಗುಟ್ಟಿದ.

"ಅಮ್ಮ ವುಡ್ ಕಿಲ್ ಮಿ," ಆರವ್ ಮೆಲ್ಲಗೆ ನಕ್ಕ.

ಒಳಗೆ ಸರ್ರನೆ ಕತ್ತಿ ಹಿರಿದ ಸದ್ದು. ನೆತ್ತಿಯ ಮೇಲೆ ಜುಟ್ಟು, ಸೊಂಟಕ್ಕೆ ಎರಡೆರಡು ಕತ್ತಿ... ಜಪಾನಿನ ಹಳೇ ಕಾಲದ ಸಮುರಾಯಿಗಳು, ಐದು ಜನ. ತುಳಿದ ಚಾಪೆಯ ಮೇಲೆ ಸಾರ್ಜೆಂಟ್, ಕೊರಳಿಗೆ ಅಲಗು. ಇವರ ಬಂದೂಕಿನಲ್ಲಿದ್ದದ್ದು ತರಬೇತಿಯ ಬರೀ ಸದ್ದಿನ ಗುಂಡು.

ಆರವ್ ಬರಿಗಾಲಲ್ಲಿ ಒಳಗೆ ಹೋದ. ಮಂಡಿಯೂರಿ ತಲೆ ಬಾಗಿದ. ಅಲಗು ತುಸು ಕೆಳಗಿಳಿಯಿತು... ಅಷ್ಟರಲ್ಲಿ ಆರವ್ ಸಾರ್ಜೆಂಟನನ್ನು ಹೊರಗೆ ದಬ್ಬಿದ. ಇವನನ್ನು ಅವರು ಬಿಡಲಿಲ್ಲ. "ಗೋ," ಅಂದ. ಆಮೇಲೆ, ಯಾವತ್ತೂ ಆಡದ ಕನ್ನಡದಲ್ಲಿ, "ಅಮ್ಮಂಗೆ ಹೇಳು."

ಓಡಿದರು. ಶ್ರೀಶೈಲನೂ ಓಡಿದ, ಅದನ್ನವನು ಮುಚ್ಚಿಡುವುದಿಲ್ಲ. ಕಾಲಡಿ ಮತ್ತೆ ಒಣಹುಲ್ಲು. ತಿರುಗಿ ನೋಡಿದರೆ ಬರೀ ಬಯಲು.

ಸಾರ್ಜೆಂಟ್ ಏನು ವರದಿ ಬರೆದ ಗೊತ್ತೇ? ಆರವ್ ಸೈನ್ಯ ಬಿಟ್ಟು ಪರಾರಿ. ಪರರ ಮನೆ ಬೂಟಲ್ಲಿ ತುಳಿದವನು, ಆ ಹುಡುಗ ಉಳಿಸಿಕೊಟ್ಟ ಕೈಯಿಂದಲೇ ಬರೆದ. ಶ್ರೀಶೈಲನಿಗೂ ಸಹಿ ಹಾಕೆಂದರು. ಹರಿದು ಅವರ ಮೇಜಿಗೇ ಎಸೆದ. ಕೆಲಸ ಹೋಯಿತು, ಹೋಗಲಿ. ಡಲ್ಲಾಸಿನಿಂದ ಹ್ಯೂಸ್ಟನ್‌ವರೆಗೆ ಒಂದೇ ಉಸಿರಿಗೆ ಡ್ರೈವ್ ಮಾಡಿ ಸುಪ್ರಜಾ ಆಂಟಿಗೆ ನಡೆದದ್ದೆಲ್ಲ ಹೇಳಿದ. ಅಲ್ಲಿ ಆಗಲೇ ಸತ್ಯನಾರಾಯಣ ಪೂಜೆಗೆ ಬಂದವರೆಲ್ಲ ಹೇಡಿಯ ತಾಯಿ ಅಂತ ಗುಸುಗುಸು ಶುರು ಮಾಡಿದ್ದರು.

"ಓಡಿಹೋದ ಅಂತಾನೇ ಹೇಳಪ್ಪ," ಅಂದರು ಆಂಟಿ. "ಹೀಗೆ ಕತೆ ಕಟ್ಟಬೇಡ."

ಆರು ತಿಂಗಳಿಗೆ ಸೈನ್ಯದವರು ಆರವ್‌ನ ಲಾಕರಿನ ಬೀಗ ಒಡೆದು ಸಾಮಾನು ಕಳಿಸಿದರು. ಅಂಗಿಗಳ ಮಧ್ಯೆ ಹಳತಾಗಿ ಹಳದಿಗಟ್ಟಿದ ಒರಟು ಕಾಗದದ ಪೊಟ್ಟಣ, ನಾರಿನ ದಾರ ಕಟ್ಟಿದ್ದು. ಒಳಗೆ ಒಂದು ಹಿಡಿ ಕೂದಲು. ಆಂಟಿ ಲ್ಯಾಬಿಗೆ ಕೊಟ್ಟರು. ಇದು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವರದೇ ಅಂತ ಉತ್ತರ ಬಂತು. ಅವತ್ತು ಆಂಟಿ ತಾವೇ ಶ್ರೀಶೈಲನಿಗೆ ಫೋನ್ ಮಾಡಿದರು.

ಆಂಟಿಗೆ ಇದ್ದದ್ದು ಒಬ್ಬನೇ ಮಗ. ಅವನಿಗೆ ಇಪ್ಪತ್ತಮೂರು ವರ್ಷ. ಆ ಕೂದಲನ್ನು ನಾನೇ ಅಂಗೈಲಿಟ್ಟು ನೋಡಿದ್ದೇನೆ, ಬೇಕಾದರೆ ನೀವೂ ಹೋಗಿ ನೋಡಿ...

ಪೂರಾ ಬಿಳಿ.